ಓಟಿಸ್ ಹೇಳಿದ್ದೇನು?

ನಮ್ಮ ಕ್ವಾರ್ಟರ್ಸಿನ ಹಾಲಿನಲ್ಲಿ 21 ಅಂಗುಲದ ಪಿಕ್ಚರ್ ಟ್ಯೂಬ್ ಟಿ.ವಿ. ಇನ್ನೂ ಕುಳಿತಿದೆ. ಕೆಟ್ಟಿಲ್ಲ, ಆದ್ದರಿಂದ ಹೊರಗೆ ಹಾಕಿಲ್ಲ. ಸರ್ಕಾರಿ ನೌಕರರ ಮನೆಯ ನ್ಯಾಯವೇ ಹಾಗೆ. ಈಚೆಗೆ ನಮ್ಮ ಭಾವಮೈದುನ ತನ್ನ ಹಳೆಯ ಎಕ್ಸ್‌ಬಾಕ್ಸ್ 360 ಆಟದ ಯಂತ್ರವನ್ನು ನಮ್ಮಲ್ಲಿ ಬಿಟ್ಟುಹೋದ. ಹಳದಿ, ಕೆಂಪು, ಬಿಳಿ ಪಿನ್ನುಗಳನ್ನು ಚುಚ್ಚಿ, ಮಕ್ಕಳು ಮಲಗಿದ ಮೇಲೆ ನಾವು ಆಡಿದ ಆಟ 2006ರ ‘ಡೆಡ್ ರೈಸಿಂಗ್’. (ದೊಡ್ಡವರ ಆಟ, ರಕ್ತಪಾತ ಧಾರಾಳ.)

ಕಥೆ ಅಮೆರಿಕದ ಕೊಲರಾಡೊದ ಒಂದು ಕಲ್ಪಿತ ಊರಿನದು. ಅಲ್ಲಿನ ಭಾರಿ ಶಾಪಿಂಗ್ ಮಾಲಿನ ತುಂಬ ನಡೆದಾಡುವ ಹೆಣಗಳು. ಸುದ್ದಿ ಛಾಯಾಗ್ರಾಹಕ ಫ್ರಾಂಕ್ ವೆಸ್ಟ್ ಹೆಲಿಕಾಪ್ಟರಿನಿಂದ ಅಲ್ಲಿ ಇಳಿಯುತ್ತಾನೆ. ಅದು ಮರಳುವುದು 72 ಗಂಟೆಗಳ ನಂತರ. ಅಷ್ಟರಲ್ಲಿ ನಡೆದದ್ದೇನೆಂದು ತಿಳಿಯಬೇಕು, ಅಲ್ಲಲ್ಲಿ ಸಿಕ್ಕಿಬಿದ್ದವರನ್ನು ಕರೆತರಬೇಕು. ಗಡಿಯಾರ ಯಾರಿಗೂ ಕಾಯುವುದಿಲ್ಲ. ಒಬ್ಬರತ್ತ ಓಡಿದರೆ ಇನ್ನೊಬ್ಬರು ಕೈತಪ್ಪುತ್ತಾರೆ. ಯಾರನ್ನು ಉಳಿಸುವುದು ಎಂಬ ಈ ಸಂಕಟವೇ ಆಟದ ಜೀವಾಳ. ಇದರಲ್ಲಿ ಅದನ್ನು ಮೆಚ್ಚದೆ ವಿಧಿಯಿಲ್ಲ.

ಸಿಕ್ಕಿಬಿದ್ದವರ ಸುದ್ದಿ ಕೊಡುವವನು ಓಟಿಸ್, ಮಾಲಿನ ವಯಸ್ಸಾದ ನೌಕರ. ವೈರ್‌ಲೆಸ್ಸಿನಲ್ಲಿ ಕರೆಯುತ್ತಾನೆ. ಆದರೆ ಆ ಕರೆಗಳಲ್ಲಿ ಅವನಿಗೆ ದನಿಯಿಲ್ಲ, ಬರೀ ಅಕ್ಷರ. ಕರೆ ತೆಗೆದುಕೊಂಡ ಫ್ರಾಂಕ್ ಹೊಡೆದಾಡುವಂತಿಲ್ಲ. ಹೆಣವೊಂದು ಮೇಲೆರಗಿ ಕರೆ ಕಡಿದರೆ ಓಟಿಸ್ ಮತ್ತೆ ಕರೆದು, ಮಧ್ಯೆ ಹೀಗೆ ಕಡಿಯುವುದು ಮರ್ಯಾದೆಯಲ್ಲವೆಂದು ರೇಗುತ್ತಾನೆ. ಸೆಕ್ಷನ್ ಆಫೀಸರರ ಫೋನು ಕಂಡವರಿಗೆ ಇದು ಅಪರಿಚಿತವೇನಲ್ಲ.

ಆದರೆ ಅವನು ಹೇಳಿದ್ದೇನು? ಹಳೆಯ ಕಡತಗಳ ನಾಲ್ಕನೆಯ ಕಾರ್ಬನ್ ಪ್ರತಿ ಓದಿ ಪಳಗಿದ ನಮ್ಮ ಕಣ್ಣಿಗೂ ಅದು ದಕ್ಕಲಿಲ್ಲ. ಕಾರಣ ಕಷ್ಟದ್ದಲ್ಲ. ಅಕ್ಷರಗಳನ್ನು 720 ಅಡ್ಡಗೆರೆಗಳ ಹೊಸ ಪರದೆಗೆಂದು ಬರೆದಿದ್ದಾರೆ. ನಮ್ಮ ದೇಶದ ಹಳೆಯ ಪಾಲ್ ಪದ್ಧತಿಯ ಚಿತ್ರದಲ್ಲಿ ಇರುವುದು 576. ಮೇಲೆ ಕೆಳಗೆ ಕಪ್ಪುಪಟ್ಟಿ ಬಿಟ್ಟು ಅಗಲದ ಚಿತ್ರ ಕೂರಿಸಿದರಂತೂ 432 ಮಾತ್ರ. ಹನ್ನೆರಡು ಗೆರೆ ಎತ್ತರದ ಅಕ್ಷರ ಏಳಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ, ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಬೆರೆತು ಬರುತ್ತವೆ. ಅವೆರಡನ್ನೂ ಟಿ.ವಿ. ಪೂರ್ತಿ ಬೇರ್ಪಡಿಸಲಾರದೆ, ಅಕ್ಷರದ ಅಂಚೆಲ್ಲ ಇರುವೆ ಹರಿದಂತೆ ಕಾಣುತ್ತದೆ. 3 ಯಾವುದು, 8 ಯಾವುದು?

ವಿಚಿತ್ರವೆಂದರೆ ಚಿತ್ರಕ್ಕೆ ಇದರಿಂದ ಹೆಚ್ಚು ನಷ್ಟವಿಲ್ಲ. ಟ್ಯೂಬಿನ ಗಾಢ ಕಪ್ಪಿನಲ್ಲಿ ಹೆಣಗಳ ಗುಂಪು ಚೆನ್ನಾಗಿಯೇ ಹೆದರಿಸುತ್ತದೆ. ಗುಂಡಿ ಒತ್ತಿದ್ದಕ್ಕೂ ಪರದೆ ತಡಮಾಡುವುದಿಲ್ಲ. ಸತ್ತದ್ದು ಅಕ್ಷರ ಒಂದೇ. ಆದರೆ ಅಕ್ಷರ ಸತ್ತರೆ ಆಯ್ಕೆಯೂ ಸತ್ತಂತೆ. ಓದಲಾಗದ ಕರೆಯಲ್ಲಿದ್ದವರು ನಮ್ಮ ನಿರ್ಧಾರದಿಂದ ಸಾಯಲಿಲ್ಲ, ಟಿ.ವಿ. ಹಳೆಯದೆಂದು ಸತ್ತರು. ಅಲ್ಲಿಗೆ ಆಟದ ಸಂಕಟ ಬರೀ ರಗಳೆಯಾಯಿತು.

ತಂತ್ರಜ್ಞಾನ ಮುಂದೆ ಹೋಗುವಾಗ ಹಳಬರು ಹಿಂದೆ ಬೀಳುವುದು ಸಹಜ ಎನ್ನಬಹುದು. ಒಪ್ಪಲಾರೆವು. 2006ರಲ್ಲಿ ಅಮೆರಿಕದಲ್ಲೇ ಹೆಚ್ಚಿನ ಮನೆಗಳಲ್ಲಿದ್ದುದು ಹಳೆಯ ಬಗೆಯ ಟಿ.ವಿ. ಯಂತ್ರದ ಜೊತೆಗೇ ಹಳದಿ ಪಿನ್ನಿನ ತಂತಿಯನ್ನೂ ಕೊಡುತ್ತಿದ್ದರು. ಅಲ್ಲಿನ ಆಟಗಾರರು ಆಗಲೇ ದೂರಿದರು, ಅಕ್ಷರ ತಿದ್ದಲಿಲ್ಲ. ಆಗದ ಕೆಲಸವಾಗಿತ್ತೇ? 2008ರಲ್ಲಿ ‘ಬ್ಯಾಂಜೊ-ಕಜೂಯಿ: ನಟ್ಸ್ ಅಂಡ್ ಬೋಲ್ಟ್ಸ್’ ಆಟಕ್ಕೂ ಇದೇ ದೂರು ಬಂದಾಗ, ಅದರ ತಯಾರಕರಾದ ರೇರ್‌ನವರು ಮೊದಲು ಹಿಂದುಮುಂದು ನೋಡಿದರೂ ಕೊನೆಗೆ ತಿದ್ದಿಕೊಟ್ಟರು.

2024ರಲ್ಲಿ ‘ಡೆಡ್ ರೈಸಿಂಗ್’ ಹೊಸದಾಗಿ ಸಿದ್ಧಗೊಂಡು ಬಂತು. ಅದರಲ್ಲಿ ಓಟಿಸನಿಗೆ ದನಿ ಬಂದಿದೆ. ಈಗ ಕಣ್ಣು ಕಿರಿದು ಮಾಡುವ ಅಗತ್ಯವಿಲ್ಲ, ಕೇಳಿದರೆ ಸಾಕು. ಆದರೆ ಅದನ್ನು ಆಡಿಸುವ ಯಂತ್ರಗಳಲ್ಲಿ ಹಳದಿ ಪಿನ್ನಿಗೆ ತೂತೇ ಇಲ್ಲ.

ಸದ್ಯಕ್ಕೆ ನಮ್ಮ ಮನೆಯ ಏರ್ಪಾಡು ಇಷ್ಟು: ನಾವು ಆಡುವುದು, ಮನೆಯಾಕೆ ಟಿ.ವಿ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಓಟಿಸನ ಮಾತನ್ನು ಗಟ್ಟಿಯಾಗಿ ಓದಿ ಹೇಳುವುದು. ನಿನ್ನೆ ಇಬ್ಬರನ್ನು ಉಳಿಸಿದೆವು.