ಪರದೆಯಿಲ್ಲದ ಬೋರ್ಡು

ಮನೆಯಲ್ಲೇ ಫೈರ್‌ವಾಲ್ ಕಟ್ಟಿಕೊಳ್ಳುವವರಲ್ಲಿ ಸ್ವಿಟ್ಜರ್‌ಲೆಂಡಿನ ಪಿಸಿ ಎಂಜಿನ್ಸ್‌ನ ಎಪಿಯು2 ಬೋರ್ಡಿಗಿರುವ ಗೌರವ ಸುಮ್ಮನೆ ಬಂದದ್ದಲ್ಲ. ಹಲವು ಮಾದರಿಗಳಲ್ಲಿ ಮೂರು ನೆಟ್‌ವರ್ಕ್ ಪೋರ್ಟು, ಮೂರಕ್ಕೂ ಇಂಟೆಲ್ ಚಿಪ್ಪು. ಫೈರ್‌ವಾಲ್ ತಂತ್ರಾಂಶಗಳಾದ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡೂ ನಿಂತಿರುವುದು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಅಲ್ಲಿ ಇಂಟೆಲ್ ಚಿಪ್ಪಿನ ಡ್ರೈವರ್ ತಕರಾರು ಮಾಡುವುದು ಅಪರೂಪ. ನಾಲ್ಕು ಕೋರಿನ ಎಎಂಡಿ ಪ್ರೊಸೆಸರ್ ಇದ್ದೂ ವಿದ್ಯುತ್ ಖರ್ಚು ಸುಮಾರು 6ರಿಂದ 12 ವ್ಯಾಟ್. ಫ್ಯಾನ್ ಇಲ್ಲ. ಪ್ರೊಸೆಸರಿನ ಬಿಸಿಯನ್ನು ಅಲ್ಯೂಮಿನಿಯಂ ತಗಡೊಂದು ಪೆಟ್ಟಿಗೆಯ ತಳಕ್ಕೆ ದಾಟಿಸುತ್ತದೆ, ಪೆಟ್ಟಿಗೆಯೇ ತಂಪುಕಾರಕ. ಎಷ್ಟು ಅಚ್ಚುಕಟ್ಟು! ಯಂತ್ರ ವಿಪರೀತ ಕಾದರೆ ಮೊದಲು ಆ ತಗಡು ಸರಿಯಾಗಿ ಕೂತಿದೆಯೇ ನೋಡಬೇಕು.

ನನಗೆ ಅತಿ ಪ್ರಿಯವಾದದ್ದು ಇದರ ಸೀರಿಯಲ್ ಪೋರ್ಟು. ಮಾನಿಟರ್ ಜೋಡಿಸುವ ಕಿಂಡಿಯೇ ಇಲ್ಲ, ಆದರೆ ನಲ್ ಮೋಡೆಮ್ ಕೇಬಲ್ ಸಿಕ್ಕಿಸಿ ವೇಗವನ್ನು 115200ಕ್ಕೆ ಇಟ್ಟರೆ ವಿದ್ಯುತ್ ಕೊಟ್ಟ ಕ್ಷಣದಿಂದ ಬೋರ್ಡು ಮಾತಾಡುತ್ತದೆ. ಅಕ್ಷರ ಚಿಂದಿಯಾಗಿ ಬಂದರೆ ವೇಗ ತಪ್ಪಿದೆ. ಏನೂ ಬರದಿದ್ದರೆ ಕೇಬಲ್ ಅಥವಾ 12 ವೋಲ್ಟಿನ ಅಡಾಪ್ಟರ್ ಮೇಲೆ ಸಂಶಯ. ಬೂಟ್ ಅರ್ಧಕ್ಕೆ ನಿಂತರೆ ಕೊನೆಯ ಸಾಲೇ ದೋಷದ ವಿಳಾಸ.

ಮಿತಿಯೂ ಇದೆ. ನಮ್ಮ ಅನೇಕ ಫೈಬರ್ ಸಂಪರ್ಕಗಳು ಬಳಸುವ ಪಿಪಿಪಿಒಇ ಎಂಬ ಸಂಪರ್ಕ ವಿಧಾನದ ಭಾರವನ್ನು ಫ್ರೀಬಿಎಸ್‌ಡಿ ಬಹುಕಾಲ ಒಂದೇ ಕೋರಿನ ಮೇಲೆ ಹೊರಿಸುತ್ತಿತ್ತು. ಈ ಬೋರ್ಡಿನ 1 ಗಿಗಾಹರ್ಟ್ಸ್ ಕೋರಿಗೆ ಪೂರ್ಣ ಗಿಗಾಬಿಟ್ ದಕ್ಕುವುದು ಕಷ್ಟ. ಅಷ್ಟು ವೇಗ ಬೇಕಾದವರು ಕೋರುಗಳ ಎಣಿಕೆ ಬಿಟ್ಟು ಒಂದೊಂದು ಕೋರಿನ ಕಸುವು ನೋಡಿ ಕೊಳ್ಳಬೇಕು.