ಖಾಲಿ ಬಸ್ಸಿನ ಲೆಕ್ಕ

ನಮ್ಮೂರಿನ ನೈಟ್ ಹಾಲ್ಟ್ ಬಸ್ಸು ನಿಂತುಹೋಯ್ತು. ಯಾಕೆ ಅಂದ್ರೆ, ‘ಕಲೆಕ್ಷನ್ ಇಲ್ಲ’. ನಿಜ, ರಾತ್ರಿ ಟ್ರಿಪ್ಪಿಗೆ ನಾಲ್ಕೈದು ಜನ ಇದ್ರೆ ಹೆಚ್ಚು. ಆದರೆ ರಾತ್ರಿ ಬಂದು ಮಲಗಿದ ಬಸ್ಸೇ ತಾನೇ ಬೆಳಗ್ಗೆ ಕಾಲೇಜು ಹುಡುಗಿಯರನ್ನ, ಆಸ್ಪತ್ರೆಗೆ ಹೊರಟ ಅಜ್ಜಿಯರನ್ನ ತುಂಬಿಕೊಂಡು ಹೋಗ್ತಿದ್ದದ್ದು? ವಾಪಸ್ ಬರೋಕೆ ಬಸ್ಸಿದೆ ಅನ್ನೋ ಧೈರ್ಯದ ಮೇಲೇ ಜನ ಬೆಳಗ್ಗೆ ಹತ್ತೋದು. ಟ್ರಿಪ್ಪಿಗಿಷ್ಟು ತಲೆ ಅಂತ ಎಣಿಸುವ ಲೆಕ್ಕದಲ್ಲಿ ಈ ಧೈರ್ಯಕ್ಕೆ ಜಾಗವೇ ಇಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ. ಒಳ್ಳೇದೇ. ಆದರೆ ಬಸ್ಸೇ ಬರದ ಊರಲ್ಲಿ ಅಮ್ಮ ಆಧಾರ್ ಕಾರ್ಡ್ ತೋರಿಸೋದು ಯಾರಿಗೆ?

ನಾನೂ ಸಾಚಾ ಅಲ್ಲ. ಬೆಂಗಳೂರಿಂದ ಊರಿಗೆ ಹೋದಾಗೆಲ್ಲ ಕಾರಲ್ಲೇ ಹೋದವನು. ಆ ಖಾಲಿ ಸೀಟುಗಳಲ್ಲಿ ಒಂದು ನನ್ನದು.