ಪದಗಳ ಸಹವಾಸ

ಇಪ್ಪತ್ತು ವರ್ಷಗಳ ಹಿಂದೆ ನನ್ನ ಎಂ.ಟೆಕ್. ಪ್ರಬಂಧದ ಕರಡಿನಲ್ಲಿ ಗೈಡ್ ಏಳೆಂಟು ಕಡೆ ಒಂದೇ ಪದಕ್ಕೆ ಕೆಂಪು ಶಾಯಿಯ ಸುತ್ತು ಹಾಕಿದ್ದರು. ಅದು ‘ಡಿಸ್ಕಸ್ ಅಬೌಟ್’ನಲ್ಲಿದ್ದ ‘ಅಬೌಟ್’. ಯಾಕೆ ಸರ್ ಎಂದು ಕೇಳಿದರೆ, “ಹಾಗೆ ಬರೆಯೋದಿಲ್ಲ” ಅಂದರು. ತಿದ್ದಿಕೊಂಡೆ, ಕಾರಣ ಮಾತ್ರ ಹೊಳೆಯಲಿಲ್ಲ. ಆ ‘ಅಬೌಟ್’ ಬಂದದ್ದು ನಮ್ಮ ‘ಬಗ್ಗೆ’ಯಿಂದ ಎಂದು ಈಗ ಗೊತ್ತಾಗುತ್ತದೆ. ‘ಇದರ ಬಗ್ಗೆ ಚರ್ಚಿಸಿದೆವು’ ಎಂದು ತಲೆಯಲ್ಲಿ ವಾಕ್ಯ ಕಟ್ಟಿಕೊಂಡು ಇಂಗ್ಲಿಷಿಗೆ ಇಳಿಸಿದರೆ ‘ಬಗ್ಗೆ’ಯೂ ಹಿಂದೆಯೇ ಬಂದು ಕೂರುತ್ತದೆ.

“ಹಾಗೆ ಬರೆಯೋದಿಲ್ಲ” ಎಂಬ ಮಾತಿಗೆ ಸಾಕ್ಷಿ ಒದಗಿಸುವುದು ಕಾರ್ಪಸ್. ಜನ ನಿಜವಾಗಿ ಬರೆದ, ಆಡಿದ ಪಠ್ಯಗಳನ್ನು ಆಯ್ದು ಕಂಪ್ಯೂಟರಿನಲ್ಲಿ ಹುಡುಕಲು ಬರುವಂತೆ ಜೋಡಿಸಿಟ್ಟ ಸಂಗ್ರಹ ಅದು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ. ಮಾರ್ಕ್ ಡೇವಿಸ್ ಕಟ್ಟಿದ ಅಮೆರಿಕನ್ ಇಂಗ್ಲಿಷಿನ ಕಾರ್ಪಸ್ ‘ಕೋಕಾ’ದಲ್ಲಿ 1990ರಿಂದ 2019ರವರೆಗಿನ 100 ಕೋಟಿ ಪದಗಳಿವೆ, ಅದರಲ್ಲಿ ಸಂಶೋಧನಾ ಪತ್ರಿಕೆಗಳ ಬರವಣಿಗೆಗೇ ಒಂದು ಪ್ರತ್ಯೇಕ ವಿಭಾಗ. ಅಲ್ಲಿ ‘ಡಿಸ್ಕಸ್’ ಹುಡುಕಿದರೆ ಸಾಲು ಸಾಲಾಗಿ ಕ್ರಿಯಾಪದದ ಬೆನ್ನಿಗೇ ವಿಷಯ ಬರುತ್ತದೆ. ನಾಮಪದವಾದ ‘ಡಿಸ್ಕಷನ್’ಗೆ ಮಾತ್ರ ‘ಅಬೌಟ್’ ಧಾರಾಳವಾಗಿ ಜೊತೆಯಾಗುತ್ತದೆ. ಗೈಡ್ ಹೇಳದಿದ್ದ ಕಾರಣ ಆ ಸಾಲುಗಳಲ್ಲಿ ಕಣ್ಣಿಗೇ ಕಾಣಿಸುತ್ತದೆ.

ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂಬುದು ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1950ರ ದಶಕದಲ್ಲಿ ಮುಂದಿಟ್ಟ ವಿಚಾರ. ಅದೇ ದಾರಿಯಲ್ಲಿ ಜಾನ್ ಸಿಂಕ್ಲೇರ್ ತಂಡ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಪಸ್ ಆಧರಿಸಿ ಕೋಬಿಲ್ಡ್ ನಿಘಂಟನ್ನು 1987ರಲ್ಲಿ ಹೊರತಂದಿತು. ಇದು ನಮಗೆ ಹೊಸದೇನಲ್ಲ. ಕನ್ನಡದಲ್ಲಿ ಕ್ರಮ ಕೈಗೊಳ್ಳುತ್ತೇವೆ, ಪಾತ್ರ ವಹಿಸುತ್ತೇವೆ. ‘ಈ ಯೋಜನೆ ಮುಖ್ಯ ಪಾತ್ರ ಆಡಿದೆ’ ಎಂದರೆ ವ್ಯಾಕರಣ ಕೆಡುವುದಿಲ್ಲ, ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿನವರು ಆ ಪಾತ್ರವನ್ನು ಆಡುವುದೇ ಸರಿ: ‘ಪ್ಲೇ ಎ ರೋಲ್’. ಮನೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದ ನಮ್ಮಂಥವರಿಗೆ ಕಾರ್ಪಸ್ ಎರವಲು ಸಿಕ್ಕ ಕಿವಿ.

ಆದರೆ ಎರವಲು ಕಿವಿಯನ್ನು ಎಷ್ಟು ನಂಬಬೇಕು? ಇಲ್ಲೇ ಪುಣೆಯಲ್ಲಿ ಓದುತ್ತಿರುವ ಗೆಳೆಯನ ಮಗಳು ತನ್ನ ಮೊದಲ ಸಂಶೋಧನಾ ಲೇಖನ ತಂದು ತೋರಿಸಿದಳು. ಎರಡು ವಿಧಾನಗಳ ನಡುವೆ ‘ಬಿಗ್ ಡಿಫರೆನ್ಸ್’ ಇದೆ ಎಂದು ಬರೆದಿದ್ದಳು. ಕಾರ್ಪಸ್ ತೆರೆದು, ವಿದ್ವತ್ ಬರಹದಲ್ಲಿ ‘ಡಿಫರೆನ್ಸ್’ ಹಿಂದೆ ಯಾವ ಪದ ಬರುತ್ತದೆ ನೋಡು ಅಂದೆ. ‘ಸಿಗ್ನಿಫಿಕೆಂಟ್’ ಸಿಕ್ಕಿತು. ಬದಲಾಯಿಸಿದಳು. ವಾಕ್ಯಕ್ಕೆ ಗಾಂಭೀರ್ಯ ಬಂತು ಎಂದು ಇಬ್ಬರಿಗೂ ಖುಷಿ.

ವಾರದ ನಂತರ ಫೋನ್ ಬಂತು. “ಅಂಕಲ್, ಯಾವ ಟೆಸ್ಟ್ ಮಾಡಿದ್ದೀಯ, ಪಿ-ವ್ಯಾಲ್ಯೂ ಎಷ್ಟು ಅಂತ ಗೈಡ್ ಕೇಳಿದ್ರು. ನಾನು ಟೆಸ್ಟ್ ಮಾಡೇ ಇಲ್ಲ. ಕಾರ್ಪಸ್‌ನಲ್ಲಿ ಇತ್ತಲ್ವಾ?”

ಇತ್ತು. ಅಂಕಿ ಅಂಶ ಬಳಸುವ ಶಾಸ್ತ್ರಗಳಲ್ಲಿ ಆ ಪದ ಬರೀ ‘ದೊಡ್ಡದು’ ಎನ್ನುವುದಿಲ್ಲ. ಪರೀಕ್ಷೆ ನಡೆಸಿ ನೋಡಿದ್ದೇನೆ ಎಂದು ಸಾಕ್ಷಿ ಹೇಳುತ್ತದೆ. ಅವಳ ಹಳೆಯ ವಾಕ್ಯ ಒರಟಾಗಿತ್ತು, ಸುಳ್ಳಾಗಿರಲಿಲ್ಲ. ಹೊಸದನ್ನು ನಯ ಮಾಡಿ ಸುಳ್ಳಾಗಿಸಿದವನು ನಾನು. ಡ್ಯಾಶ್‌ಬೋರ್ಡ್ ಹಸಿರಾಗಿದೆ ಎಂದು ಪ್ರಾಜೆಕ್ಟ್ ಸರಿಯಿದೆ ಎಂದುಕೊಳ್ಳಬೇಡಿ ಎಂದು ಆಫೀಸಿನಲ್ಲಿ ತಂಡಕ್ಕೆ ದಿನಾ ಹೇಳುವ ನನಗೇ ಇದು ಹೊಳೆಯಲಿಲ್ಲ. ಕೊನೆಗೆ ವಿಶೇಷಣ ತೆಗೆದು, ವ್ಯತ್ಯಾಸ ಎಷ್ಟು ಎಂಬ ಅಂಕಿಯನ್ನೇ ಬರೆದಳು.

ಕಾರ್ಪಸ್ ಯಾರದು ಎಂಬ ಪ್ರಶ್ನೆಯೂ ಇದೆ. ಪುಣೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಸಿಗುವ ಕೊಲ್ಹಾಪುರದಲ್ಲಿ, ಶಿವಾಜಿ ವಿಶ್ವವಿದ್ಯಾಲಯದ ಎಸ್.ವಿ. ಶಾಸ್ತ್ರಿ ಅವರು ಭಾರತೀಯ ಇಂಗ್ಲಿಷಿನ 10 ಲಕ್ಷ ಪದಗಳ ಕಾರ್ಪಸ್ ಕಟ್ಟಿದರು. ಪಠ್ಯಗಳೆಲ್ಲ 1978ರಲ್ಲಿ ಪ್ರಕಟವಾದವು. 1961ರ ಅಮೆರಿಕನ್ ಬರಹಗಳ ಬ್ರೌನ್ ಕಾರ್ಪಸ್ ಜೊತೆ ಹೋಲಿಸಲು ಬರಲಿ ಎಂದು ಅದರ ಮಾದರಿಯಲ್ಲೇ ಜೋಡಿಸಿದ್ದು. ನಮ್ಮ ಇಂಗ್ಲಿಷನ್ನು ತಪ್ಪುಗಳ ಪಟ್ಟಿಯಾಗಿ ನೋಡದೆ, ಎಣಿಸಿ ಅಧ್ಯಯನ ಮಾಡಬೇಕಾದ ಭಾಷೆಯಾಗಿ ನೋಡಿದ ಕೆಲಸವಿದು. ಹೊರದೇಶದ ಪತ್ರಿಕೆಗೆ ಬರೆಯುವಾಗ ಅಲ್ಲಿನ ವಾಡಿಕೆ ಹಿಡಿಯೋಣ, ಸರಿ. ಅದಕ್ಕಾಗಿ ನಾಚಿಕೆಪಡಬೇಕಿಲ್ಲ.

ಆ ಹುಡುಗಿಗೆ ಈಗ ಮೂರು ಮಾತು ಹೇಳಿದ್ದೇನೆ. ನಿನ್ನ ಶಾಸ್ತ್ರದ ಬರಹಗಳಲ್ಲೇ ಹುಡುಕು. ಎಣಿಕೆ ನೋಡಿ ಎದ್ದುಬಿಡಬೇಡ, ಇಪ್ಪತ್ತು ಸಾಲನ್ನಾದರೂ ಓದು. ಆಮೇಲೆ ಕಾರ್ಪಸ್ ಮುಚ್ಚಿ ನಿನ್ನ ಲ್ಯಾಬ್ ನೋಟ್‌ಬುಕ್ ತೆರೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರಲ್ಲ, ಒಳ್ಳೆಯ ಸಹವಾಸದಲ್ಲಿ ವಾಕ್ಯವೂ ಹಾಗೆ ಕೆಡಬಹುದು.